ಮೈಕು ಯಾರ ಕೈಯಾಗ

ಅಥಣಿಯವರು: ನೀವು ಏನರ ಅನ್ರಿ, ಕನ್ನಡ ಟಿ.ವಿ.ಯಾಗ ಒಬ್ಬ ಮನಷ್ಯಾನ ಕುಂಡರ್ಸಿ ಮಾತಾಡ್ಸೂದನ್ನ ಮನಿಮಂದಿ ಎಲ್ಲಾ ಕೂಡಿ ನೋಡೂವಂಗ ಮಾಡಿದವರು ರಮೇಶ್ ಅರವಿಂದ. 2014ರ ಆಗಸ್ಟ್ 2ಕ್ಕ ಝೀ ಕನ್ನಡದಾಗ ‘ವೀಕೆಂಡ್ ವಿತ್ ರಮೇಶ್’ ಸುರು ಆತು. ಅದಕ್ಕೂ ಮೊದಲ ಸಂದರ್ಶನ ಇರ್ಲಿಲ್ಲ ಅಂತಲ್ಲ. ಚಂದನದ ‘ಬೆಳಗು’ ಇತ್ತು, ಸುದ್ದಿ ಚಾನೆಲ್‌ನವರು ಇದ್ರು. ಆದ್ರ ಅಲ್ಲೆ ಪ್ರಶ್ನೆ ಕೇಳಾವ್ರು ಒಂದ್ಕಡೆ, ಉತ್ತರ ಹೇಳಾವ್ರು ಒಂದ್ಕಡೆ. ಇಲ್ಲೆ ಒಬ್ಬರ ಬಾಳೇವನ್ನ ಹತ್ತು ಮಂದಿ ಕೂಡಿ ಹೇಳ್ತಾರ.

ನಿಪ್ಪಾಣಿಯವರು: ನಿಮ್ಮ ಅಥಣ್ಯಾಗ ಎಲ್ಲಾರೂ ಕುಂತು ನೋಡಿರಬೇಕು. ನಮ್ಮ ಓಣ್ಯಾಗ ಆ ಹೊತ್ತಿಗೆ ಮರಾಠಿ ಚಾನೆಲ್ ಹಚ್ಚಿರ್ತಿದ್ರು. ನಮ್ಮವ್ವಗ ಮಾತಾಡ್ಸೂದು ಅಂದ್ರ ಆದೇಶ್ ಬಾಂದೇಕರ್. 2004ರಾಗ ಸುರು ಆದ ‘ಹೋಮ್ ಮಿನಿಸ್ಟರ್’ನಾಗ ಅವರು ಕ್ಯಾಮೆರಾ ತಗೊಂಡು ಮನಿ ಮನಿಗೆ ಹೋಗ್ತಿದ್ರು. ಹೆಣ್ಣಮಕ್ಕಳನ್ನ ‘ವಹಿನಿ’ ಅಂತ ಕರದು, ಲಗ್ನ ಹೆಂಗಾತು, ಅತ್ತಿ ಹೆಂಗ ಅದಾರ ಅಂತ ಕೇಳಿ, ಆಟ ಆಡ್ಸಿ, ಗೆದ್ದಾಕಿಗೆ ಪೈಠಣಿ ಸೀರಿ ಉಡ್ಸಿ ಬರ್ತಿದ್ರು. ನಮ್ಮವ್ವಗ ಆ ಸೀರಿ ಮ್ಯಾಲೆ ಆಸೆ ಇರ್ಲಿಲ್ಲ. ಅಡಗಿ ಮನ್ಯಾಗಿನ ಹೆಣ್ಣಮಗಳಿಗೆ ಒಬ್ಬರು ಬಂದು ನಿನ್ನ ಕತಿ ಹೇಳವಾ ಅಂದ್ರಲ್ಲ, ಅದಕ ಆಕಿ ಕಣ್ಣ ಮಿಟಕಸದ ನೋಡ್ತಿದ್ಲು. ನಿಮ್ಮ ರಮೇಶರ ಕಾರ್ಯಕ್ರಮದ ಅತಿಥಿ ಕುರ್ಚಿಗೆ ಬರಬೇಕಂದ್ರ ಮೊದಲು ಸಾಧಕರಾಗಬೇಕು.

ಅಥಣಿಯವರು: ಅದು ಖರೇನ ಮಾತು. ಆದ್ರ ಅವರ ದಾರಿ ನೋಡ್ರಿ ಒಂದೀಟು. 1964ರ ಸೆಪ್ಟೆಂಬರ್ 10ಕ್ಕ ಕುಂಭಕೋಣದಾಗ ಹುಟ್ಟಿದವರು, ಮನಿಮಾತು ತಮಿಳು. ಬೆಂಗಳೂರಾಗ ಬೆಳದು, ಎಂಜಿನಿಯರಿಂಗ್ ಓದಿದ್ರು. ಬೆಂಗಳೂರು ದೂರದರ್ಶನದಾಗ ‘ಪರಿಚಯ’ ಅನ್ನೂ ಕಾರ್ಯಕ್ರಮ ನಡಸ್ತಿದ್ದ ಹುಡುಗ ಮುಂದ ಕೆ. ಬಾಲಚಂದರ್ ಅವರ ಕೈಗೆ ಸಿಕ್ಕು 1986ರಾಗ ‘ಸುಂದರ ಸ್ವಪ್ನಗಳು’ ಚಿತ್ರಕ್ಕ ನಾಯಕ ಆದ. ಅಂದ್ರ ಏನಾತು? ಮಾತಾಡ್ಸೂ ಕೆಲಸ ಮೊದಲು, ಸಿನಿಮಾ ಆಮ್ಯಾಲೆ. ಹೀರೋ ಆಗಿ ಹೆಸರು ಮಾಡಿ ಟಿ.ವಿ.ಗೆ ಬಂದ್ರು ಅಂತ ಮಂದಿ ಅಂತಾರ. ಖರೇ ನೋಡಿದ್ರ ಅವರು ಸುರು ಮಾಡಿದ ಜಾಗಕ್ಕ ತಿರುಗಿ ಬಂದ್ರು.

ನಿಪ್ಪಾಣಿಯವರು: ನಡುವ ತಮಿಳು, ತೆಲುಗು ಚಿತ್ರಾನೂ ಮಾಡಿದ್ರಲ್ಲ. ‘ರುದ್ರವೀಣ’ದಾಗ ಚಿರಂಜೀವಿ ಜೋಡಿ ಇದ್ದದ್ದು ನೆನಪೈತಿ.

ಅಥಣಿಯವರು: ಮಾಡಿದ್ರು. ಕನ್ನಡದಾಗ ‘ಅಮೃತವರ್ಷಿಣಿ’, ‘ಹೂಮಳೆ’, 2004ರಾಗ ‘ಆಪ್ತಮಿತ್ರ’. 2005ರಾಗ ‘ರಾಮ ಶಾಮ ಭಾಮ’ ತಾವ ನಿರ್ದೇಶನ ಮಾಡಿದ್ರು. ಆ ಲೆಕ್ಕ ಬಿಡ್ರಿ, ಅದು ಎಲ್ಲಾರಿಗೂ ಗೊತ್ತೈತಿ. ನನಗ ಮುಖ್ಯ ಅನ್ನಸೂದು ಏನಂದ್ರ, ಆ ಚಿತ್ರಗಳಾಗೂ ಅವರು ಅಬ್ಬರಿಸೂ ನಾಯಕ ಅಲ್ಲ. ಎದುರಿನವರು ಮಾತಾಡೂ ಮುಂದ ಸುಮ್ನ ನಿಂತು ಕೇಳೂ ಪಾತ್ರಗಳನ್ನ ಭಾಳ ಮಾಡ್ಯಾರ. ಗೆಳೆಯ, ಪ್ರೀತಿ ಬಿಟ್ಟುಕೊಡಾವ, ಗಂಡ. ಕೇಳೂ ಮುಖ ಅವರಿಗೆ ಮೊದಲಿಂದನ ಇತ್ತು. ಕಸ್ತೂರಿ ವಾಹಿನಿಯ ‘ಪ್ರೀತಿಯಿಂದ ರಮೇಶ್’ನಾಗ, ಈಟಿವಿ ಕನ್ನಡದ ‘ರಾಜಾ ರಾಣಿ ರಮೇಶ್’ನಾಗ ಅದು ಹದಕ್ಕ ಬಂತು. ‘ವೀಕೆಂಡ್’ನಾಗ ಪೂರಾ ಕಂಡಿತು.

ನಿಪ್ಪಾಣಿಯವರು: ಆದ್ರ ಆ ಮಾದರಿ ಅವರದಲ್ಲಲ್ಲ. ಅಮೆರಿಕಾದಾಗ ರಾಲ್ಫ್ ಎಡ್ವರ್ಡ್ಸ್ ಅನ್ನಾವ್ರು 1948ರಾಗ ರೇಡಿಯೋದಾಗ, 1952ರಾಗ ಟಿ.ವಿ.ಯಾಗ ‘ದಿಸ್ ಈಸ್ ಯುವರ್ ಲೈಫ್’ ಅಂತ ಸುರು ಮಾಡಿದ್ರು. ಹಿಂದಿಯಾಗ ಫಾರೂಕ್ ಶೇಖ್ ‘ಜೀನಾ ಇಸೀ ಕಾ ನಾಮ್ ಹೈ’ ನಡಸಿದ್ರು. ಅದಕ್ಕೂ ಭಾಳ ಮೊದಲು, 1972ರಾಗ, ಮುಂಬೈ ದೂರದರ್ಶನದಾಗ ತಬಸ್ಸುಮ್ ‘ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್’ ಹಚ್ಚಿದ್ರು, 1993ರ ತನಕ ನಡೀತು. ಈ ದೇಶದಾಗ ಟಿ.ವಿ. ಮಾತುಕತಿಗೆ ಬುನಾದಿ ಹಾಕಿದಾಕಿ ಒಬ್ಬ ಹೆಣ್ಣಮಗಳು. ಅದನ್ನ ಯಾರೂ ನೆನಸೂದಿಲ್ಲ.

ಅಥಣಿಯವರು: ನೆನಸಬೇಕು. 2022ರ ನವೆಂಬರ್‌ದಾಗ ತಬಸ್ಸುಮ್ ತೀರಿಕೊಂಡಾಗ ನನಗೂ ಹಂಗ ಅನಿಸ್ತು. ಆದ್ರ ಮಾದರಿ ಹೊರಗಿಂದ ಬಂತು ಅಂದ್ರೂ ಅದರ ಜೀವ ಇಲ್ಲಿದ ಐತ್ರಿ. ನಿಮ್ಮ ಕಡೆ, ನಮ್ಮ ಕಡೆ, ಗೋಕಾಕದ ತನಕ ಶ್ರೀಕೃಷ್ಣ ಪಾರಿಜಾತ ಆಡ್ತಾರಲ್ಲ, ಅಲ್ಲೆ ಭಾಗವತ ಏನ್ ಮಾಡ್ತಾನ? ರಂಗಕ್ಕ ಬಂದವರನ್ನ ನಿಂದ್ರಿಸಿ, ನೀ ಯಾರು, ಯಾವೂರು, ಏನಕ್ಕ ಬಂದಿ ಅಂತ ಕೇಳ್ತಾನ. ಕೇಳಿ ಹಿಂದ ಸರೀತಾನ. ಪಾತ್ರ ತನ್ನ ಕತಿ ತಾನ ಬಿಚ್ಚತೈತಿ. ನಮ್ಮ ಮಂದಿಗೆ ಈ ಆಟ ರಕ್ತದಾಗ ಐತಿ. ಅದಕ ‘ವೀಕೆಂಡ್’ ನೋಡಿದಾಗ ಪರದೇಶದ್ದು ಅಂತ ಯಾರಿಗೂ ಅನಸಲಿಲ್ಲ. ರಮೇಶರು ಆ ಭಾಗವತನ ಜಾಗದಾಗ ನಿಂತವರು.

ನಿಪ್ಪಾಣಿಯವರು: ಭಾಗವತ ಹಾಸ್ಯಾ ಮಾಡ್ತಾನ, ಕುಟುಕ್ತಾನ, ದೊರಿ ಬಂದ್ರೂ ಬಿಡೂದಿಲ್ಲ. ರಮೇಶರ ಕುರ್ಚಿ ಮ್ಯಾಲೆ 2017ರಾಗ ಮುಖ್ಯಮಂತ್ರಿ ಆಗಿದ್ದ ಸಿದ್ದರಾಮಯ್ಯನವರ ಬಂದು ಕುಂತ್ರು. ಎಮ್ಮಿ ಕಾಯ್ದದ್ದು, ವಕೀಲಿ ಮಾಡಿದ್ದು, ಎಲ್ಲಾ ಬಂತು. ರಾಜ್ಯ ನಡಸೂ ಬಗ್ಗೆ ಒಂದು ಬಿಸಿ ಪ್ರಶ್ನೆ ಕೇಳಾಕ ಆ ಕಾರ್ಯಕ್ರಮದಾಗ ಜಾಗಾನ ಇಲ್ಲ. ಬರೇ ಹೊಗಳಿಕಿ, ಬರೇ ಕಣ್ಣೀರು. ನನಗ ಅದು ಸಾಲೂದಿಲ್ಲ.

ಅಥಣಿಯವರು: ಬಿಸಿ ಪ್ರಶ್ನೆ ಕೇಳಾಕ ಸುದ್ದಿ ಚಾನೆಲ್ ಅದಾವಲ್ಲ. ಅಲ್ಲೆ ಕೇಳ್ತಾರ, ಆದ್ರ ಉತ್ತರ ಕೇಳಿಸಿಕೊಳ್ಳಾಕ ತಯಾರಿರೂದಿಲ್ಲ. ನಾಕು ಮಂದಿ ಒಮ್ಮಿಗೇ ಒದರ್ತಾರ. ರಮೇಶರು ಬ್ಯಾರೆ ಒಂದು ಕೆಲಸಾ ಮಾಡಿದ್ರು. ಕುರ್ಚಿ ಮ್ಯಾಲೆ ಕುಂತಾವ್ರನ್ನ ಬಿಟ್ಟು, ವೇದಿಕಿ ಬಾಗಿಲದಿಂದ ಒಳಗ ಬರಾವ್ರನ್ನ ನೋಡ್ರಿ. ಮೊದಲು ಧ್ವನಿ ಅಷ್ಟ ಕೇಳ್ತೈತಿ. ಕುಂತಾವ್ರು ಯಾರಿದು ಅಂತ ತಲಿ ಎತ್ತತಾರ. ಬಾಗಿಲ ತಗದ್ರ ಪ್ರಾಥಮಿಕ ಶಾಲಿ ಮಾಸ್ತರು. ಬಾಡಗಿ ಮನಿ ಕೊಟ್ಟಾಕಿ. ಸಿನಿಮಾ ಚಾನ್ಸ್ ಇಲ್ದಾಗ ಊಟಾ ಹಾಕಿದ ಗೆಳೆಯ. ಈ ಮಂದಿಯನ್ನ ಶನಿವಾರ ರಾತ್ರಿ ಯಾವ ಚಾನೆಲ್ ತೋರಸ್ತಿತ್ತು? ಕುರ್ಚಿ ಸಾಧಕರದ ಇರಬಹುದು, ಕಾರ್ಯಕ್ರಮ ನಡಸಾವ್ರು ಹೆಸರಿಲ್ಲದ ಮಂದಿ.

ನಿಪ್ಪಾಣಿಯವರು: ಇದು ನಾ ವಿಚಾರಾ ಮಾಡಿರ್ಲಿಲ್ಲ.

ಅಥಣಿಯವರು: ಮತ್ತ ಆ ಮಂದಿ ಮಾತಾಡೂ ಕನ್ನಡ! ಧಾರವಾಡದಾವ್ರು ಧಾರವಾಡದ್ದ ಮಾತಾಡ್ತಾರ, ಮಂಡ್ಯದಾವ್ರು ಮಂಡ್ಯದ್ದು, ಕುಂದಾಪುರದಾವ್ರು ಕುಂದಾಪುರದ್ದು. ಯಾರೂ ತಿದ್ದೂದಿಲ್ಲ. ಧಾರಾವಾಹಿಗಳಾಗ ನಮ್ಮ ಕಡೆ ಮಾತು ಬಂದ್ರ ಕೆಲಸದಾವ್ರ ಬಾಯಾಗ, ಇಲ್ಲಾ ನಗಿಸೂ ಪಾತ್ರದ ಬಾಯಾಗ. ಇಲ್ಲೆ ಒಬ್ಬ ಮಾಸ್ತರು ಅದ ಮಾತಿನಾಗ ತನ್ನ ಶಿಷ್ಯನ ಬಗ್ಗೆ ಹೇಳಿ ಕಣ್ಣ ಒರಸಿಕೊಂಡ್ರ ಇಡೀ ರಾಜ್ಯ ಗೌರವದಿಂದ ಕೇಳತೈತಿ. ಅದು ಸಣ್ಣ ಕೆಲಸ ಅಲ್ಲ.

ನಿಪ್ಪಾಣಿಯವರು: ಈಗ ನನಗ ಅಪರ್ಣಾ ನೆನಪಾದ್ರು. ಪುಟ್ಟಣ್ಣ ಕಣಗಾಲರ ಕಡೀ ಚಿತ್ರ ‘ಮಸಣದ ಹೂವು’ದಾಗ ಬಂದ ಹುಡುಗಿ, ಆಮ್ಯಾಲೆ ದೂರದರ್ಶನ, ಆಕಾಶವಾಣಿ. 1998ರ ದೀಪಾವಳಿ ಕಾರ್ಯಕ್ರಮ ಎಂಟು ತಾಸು ಒಂದ ಸವನ ನಿರೂಪಣಾ ಮಾಡಿದ್ರು. ಬೆಂಗಳೂರು ಮೆಟ್ರೋದಾಗ ಮುಂದಿನ ನಿಲ್ದಾಣ ಹೇಳೂ ಕನ್ನಡ ಧ್ವನಿ ಅವರದ. 2024ರ ಜುಲೈ 11ಕ್ಕ ಹೋಗಿಬಿಟ್ರು, ಕ್ಯಾನ್ಸರ್. ಅವರ ಕನ್ನಡ ಅಂದ್ರ ಒಂದು ಅಕ್ಷರ ಜಾರೂದಿಲ್ಲ. ನಾ ಸಣ್ಣಾಕಿದ್ದಾಗ ಅವರ ಮಾತು ಕೇಳಿ ನನ್ನ ಮಾತು ಮುಚ್ಚಿಟ್ಟುಕೊಂಡಿದ್ದೆ. ಇಷ್ಟ ಚಂದ ಇದ್ರನ ಕನ್ನಡ, ನಂದು ಎಂಥಾದ್ದು ಅಂತ. ಮನ್ಯಾಗ ಮರಾಠಿ, ಓಣ್ಯಾಗ ಎರಡೂ, ಸಾಲ್ಯಾಗ ಕನ್ನಡ. ಅದು ಅವರ ತಪ್ಪಲ್ಲ, ನಾನು ಅವರ ಅಭಿಮಾನಿ. ಅಂಥಾ ಧ್ವನಿ ಭಾಷೆಗೆ ಬೇಕ. ಅದರ ಮಗ್ಗಲಕ್ಕ ನಮ್ಮಂಥವರ ಧ್ವನಿನೂ ಇದ್ದಿದ್ರ ನಾ ಮುಚ್ಚಿಡ್ತಿರ್ಲಿಲ್ಲ.

ಅಥಣಿಯವರು: ತಮಿಳು ಮನ್ಯಾಗ ಹುಟ್ಟಿದ ರಮೇಶರು ಕನ್ನಡದ ಮಾತಿನ ಮುಖ ಆದ್ರಲ್ಲ, ನಿಪ್ಪಾಣಿ, ಕಾಗವಾಡದ ಹುಡುಗರಿಗೆ ಅದನ್ನ ಹೇಳಬೇಕು. ಕಾಗವಾಡಕ್ಕ ಮೀರಜ ಬಾಜೂಕ. ದವಾಖಾನಿ ಅಂದ್ರ ಮೀರಜ, ಪ್ಯಾಟಿ ಅಂದ್ರ ಸಾಂಗ್ಲಿ. ರೇಡಿಯೋದಾಗೂ ಹಂಗ, ಒಂದ್ ಕಿವಿಗೆ 1950ರಾಗ ಸುರು ಆದ ಧಾರವಾಡ ಕೇಂದ್ರ, ಇನ್ನೊಂದ್ ಕಿವಿಗೆ 1963ರಾಗ ಸುರು ಆದ ಸಾಂಗ್ಲಿ ಕೇಂದ್ರ. ಎರಡು ಕಿವಿ ಇದ್ದಾವ್ರು ಒಳ್ಳೆ ಕೇಳುಗರಾಗ್ತಾರ. ಮಾತಾಡ್ಸೂ ಕೆಲಸಕ್ಕ ನಮ್ಮ ಕಡೆಯಾವ್ರು ಹೇಳಿ ಮಾಡಿಸಿದವರು.

ನಿಪ್ಪಾಣಿಯವರು: ಟಿ.ವಿ. ನಮ್ಮ ಕಡೆ ಯಾವಾಗ ಬಂದು ಕೇಳಿತು ಹೇಳ್ರಿ?

ಅಥಣಿಯವರು: ತಡವಾಗಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಟಿ.ವಿ. ಪ್ರಯೋಗ ನಡೀತು, ಸೈಟ್ ಅಂತಿದ್ರು. ಆರು ರಾಜ್ಯದ ಸುಮಾರು 2,400 ಹಳ್ಳ್ಯಾಗ ಪೆಟ್ಟಿಗಿ ಇಟ್ಟಿದ್ರು. ಕರ್ನಾಟಕದಾಗ ಕಲಬುರ್ಗಿ, ರಾಯಚೂರು, ವಿಜಾಪುರ ಜಿಲ್ಲಾಕ್ಕ ಕೊಟ್ರು. ಅಥಣಿ ದಾಟಿದ್ರ ವಿಜಾಪುರ ಜಿಲ್ಲಾ. ಆದ್ರ ನಾವು ಬೆಳಗಾವಿ ಜಿಲ್ಲಾದಾವ್ರು, ನಮಗ ಬರ್ಲಿಲ್ಲ. ಆ ಕಡೆ ಸಾಲಿ ಮುಂದ ಮಂದಿ ಕುಂತು ಒಕ್ಕಲುತನದ ಮಾತು ಕನ್ನಡದಾಗ ನೋಡಿದ್ರು, ಈ ಕಡೆ ಹಳ್ಳ್ಯಾಗ ಕತ್ತಲ. ಬೆಂಗಳೂರು ದೂರದರ್ಶನ ಕೇಂದ್ರ ಸುರು ಆದದ್ದ 1981ರ ನವೆಂಬರ್ 19ಕ್ಕ.

ನಿಪ್ಪಾಣಿಯವರು: ಹಂಗಾರ ಕೇಳ್ರಿ. ಆ 1981ರ ಮಾರ್ಚ್, ಏಪ್ರಿಲ್ ತಿಂಗಳದಾಗ ನಿಪ್ಪಾಣ್ಯಾಗ ಏನ್ ನಡದಿತ್ತು ಗೊತ್ತೈತೇನು? ತಂಬಾಕಿಗೆ ರೇಟ್ ಬೇಕಂತ ಶರದ್ ಜೋಶಿಯವರ ಮುಂದಾಳತ್ವದಾಗ ರೈತರು ಪುಣೆ–ಬೆಂಗಳೂರು ಹೆದ್ದಾರಿ ಮ್ಯಾಲೆ ವಾರಗಟ್ಟಲೆ ಕುಂತಿದ್ರು. ಏಪ್ರಿಲ್ 6ಕ್ಕ ಗೋಲಿಬಾರ್ ಆತು, ಮಂದಿ ಸತ್ರು. ಅವರ ಎದರಿಗೆ ಮೈಕು ಹಿಡಿಯಾಕ ಬೆಂಗಳೂರಾಗ ಟಿ.ವಿ. ಕೇಂದ್ರ ಇನ್ನೂ ಸುರು ಆಗಿರ್ಲಿಲ್ಲ. ಹೆದ್ದಾರಿ ಮ್ಯಾಲೆ ಕುಂತ ರೈತರ ಸುದ್ದಿ ಪೇಪರಿನ್ಯಾಗರ ಬಂತು. ಅದ ತಂಬಾಕನ್ನ ವಖಾರಿಯೊಳಗ ಬಡದು, ಜಾಳಿಗಿ ಹಿಡದು, ಧೂಳ ಕುಡದು ಕೆಮ್ಮತಿದ್ದ ಹೆಣ್ಣಮಕ್ಕಳ ಬಗ್ಗೆ ಅಷ್ಟೂ ಬರ್ಲಿಲ್ಲ.

ಅಥಣಿಯವರು: ಅವರ ಮ್ಯಾಲೆ ಒಂದು ಚಿತ್ರ ಐತಿ ಅಂತ ಕೇಳಿದ್ದೆ.

ನಿಪ್ಪಾಣಿಯವರು: ಐತಿ. ನಾ ಹೇಳಬೇಕಂತ ಇದ್ದದ್ದ ಅದು. 1982ರ ‘ತಂಬಾಖೂ ಚಾಕಿಲಾ ಊಬ ಆಲೀ’. ಯುಗಾಂತರ ಅನ್ನೂ ಕೂಟದಾವ್ರು ಮಾಡಿದ್ದು. ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ಕ್ಯಾಮೆರಾ ನವರೋಜ್ ಕಾಂಟ್ರಾಕ್ಟರ್. ಅದಕ್ಕಿಂತ ಮೊದಲ ಪುಣೆಯ ಮನಿಗೆಲಸದ ಹೆಣ್ಣಮಕ್ಕಳ ಮ್ಯಾಲೆ ‘ಮೋಲಕರೀಣ’ ಮಾಡಿದ್ರು. ನಿಪ್ಪಾಣಿಗೆ ಬಂದು ತಿಂಗಳುಗಟ್ಟಲೆ ಹೆಣ್ಣಮಕ್ಕಳ ಜೋಡಿ ಇದ್ದು, ಮಾತು ಕೇಳಿ, ಯಾವುದನ್ನ ತೋರಸೂದು ಅಂತ ಅವರನ್ನ ಕೇಳಿ ಚಿತ್ರಾ ತಗದ್ರು. ಅರ್ಧಾ ತಾಸಿನಷ್ಟೂ ಇಲ್ಲ ಅದು. ಆದ್ರ ಅಲ್ಲೆ ನಮ್ಮ ಅವ್ವಗೋಳು ಕ್ಯಾಮೆರಾಕ್ಕ ಮುಖಾ ಕೊಟ್ಟು, ಕೂಲಿ ಎಷ್ಟು, ಮಾಲಕ ಹೆಂಗ, ಸಂಘ ಯಾಕ ಕಟ್ಟಿದ್ವಿ ಅಂತ ಹೇಳ್ತಾರ. ಯಾರೂ ಅವರಿಗೆ ಸಾಧಕರು ಅಂತ ಹೆಸರು ಕೊಟ್ಟಿರ್ಲಿಲ್ಲ. ಈ ಪ್ರದೇಶದ ಮಾತುಕತಿ ಕಾರ್ಯಕ್ರಮದ ಇತಿಹಾಸ ಬರದ್ರ ಮೊದಲನೇ ಪುಟ ಅದರದ ಅಂತೀನಿ ನಾನು.

ಅಥಣಿಯವರು: ಅದು ಸಾಕ್ಷ್ಯಚಿತ್ರ ಅಲ್ಲೇನ್ರಿ? ನಡಸಿಕೊಡಾವ್ರು ಯಾರೂ ಕಾಣೂದಿಲ್ಲ ಅದರಾಗ.

ನಿಪ್ಪಾಣಿಯವರು: ಕಾಣೂದಿಲ್ಲ, ಆದ್ರ ಇದ್ರು. ಪ್ರಶ್ನೆ ಕೇಳಿ ಹಿಂದ ಸರದವರು. ನೀವ ಈಗ ಭಾಗವತ ಅಂದ್ರಲ್ಲ. ಅಮೆರಿಕಾದ ಫಿಲ್ ಡೊನಾಹ್ಯೂ ಹೆಸರು ಕೇಳೀರಿ? 2024ರ ಆಗಸ್ಟ್‌ದಾಗ ತೀರಿಕೊಂಡ್ರು. 1967ರ ನವೆಂಬರ್ 6ಕ್ಕ ಒಹಾಯೋದ ಡೇಟನ್ ಅನ್ನೂ ಊರಾಗ ತಮ್ಮ ಟಿ.ವಿ. ಮಾತುಕತಿ ಕಾರ್ಯಕ್ರಮ ಸುರು ಮಾಡಿದ್ರು. ದೊಡ್ಡ ನ್ಯೂಯಾರ್ಕ್ ಅಲ್ಲ, ಸಣ್ಣ ಊರು. ಜಾಹೀರಾತಿನ ಹೊತ್ತಿನ್ಯಾಗ ಸ್ಟುಡಿಯೋದಾಗ ಕುಂತ ಹೆಣ್ಣಮಕ್ಕಳು ಕೇಳೂ ಪ್ರಶ್ನೆ ತಮ್ಮ ಪ್ರಶ್ನೆಗಿಂತ ಚಲೋ ಅದಾವ ಅಂತ ಅವರಿಗೆ ಗೊತ್ತಾತು. ಮೈಕು ತಗೊಂಡು ಮಂದಿಯೊಳಗ ಇಳದ್ರು. 1996ರ ತನಕ ಅದ ರೀತಿ ನಡೀತು. ಹೆಸರು ಅವರದ, ಪ್ರಶ್ನೆ ಮಂದಿದು. ಈ ಕೆಲಸದಾಗ ದೊಡ್ಡವರು ಅನಿಸಿಕೊಂಡಾವ್ರು ಎಲ್ಲಾರೂ ಒಂದಿಲ್ಲೊಂದು ಕ್ಷಣಕ್ಕ ಮೈಕು ಬಿಟ್ಟುಕೊಟ್ಟಾರ. ನಾ ಅಳಿಯೂದು ಅಷ್ಟರಿಂದನ.

ಅಥಣಿಯವರು: ಆ ಅಳತಿಗೆ ರಮೇಶರು ನಿಲ್ತಾರ. ಒಬ್ಬ ನಾಯಕನಟ, ತನ್ನ ಹೆಸರಿನ ಕಾರ್ಯಕ್ರಮದಾಗ, ವಾರಾ ವಾರಾ ಬ್ಯಾರೆಯವರ ಕತಿಗೆ ಎರಡನೇಯಾವ ಆಗಿ ನಿಂದ್ರೂದು ಕನ್ನಡ ಚಿತ್ರರಂಗದಾಗ ಅಪರೂಪ. ಐದು ಸೀಸನ್ ಮಾಡಿದ್ರು, 2014, 2015, 2017, 2019, 2023. ಮೊದಲನೇ ಅತಿಥಿ ಪುನೀತ್ ರಾಜಕುಮಾರ್. 2021ರ ಅಕ್ಟೋಬರ್ 29ಕ್ಕ ಪುನೀತ್ ಹೋದ ಮ್ಯಾಲೆ ಮಂದಿ ಆ ಕಂತು ತಿರುಗಾಮುರುಗಾ ಹುಡುಕಿ ನೋಡಿದ್ರು. ನಾನೂ ನೋಡೀನಿ. ತನ್ನ ಅಪ್ಪನ ಬಗ್ಗೆ, ಬಾಲ್ಯದ ಬಗ್ಗೆ ಅವರು ತಮ್ಮ ಬಾಯಿಂದ ಹೇಳಿದ್ದು ಉಳದೈತಿ. ಚಿತ್ರದಾಗಿನ ಡೈಲಾಗ್ ಬ್ಯಾರೆಯವರು ಬರದದ್ದು. ಇದು ಅವರದ ಮಾತು. ಅದನ್ನ ಉಳಿಸಿದ್ದಕ್ಕ ನಾ ರಮೇಶರಿಗೆ ಋಣಿ.

ನಿಪ್ಪಾಣಿಯವರು: ಒಪ್ಪಿದೆ. ಈಗ ನನ್ನ ದುಃಖ ಕೇಳ್ರಿ. 1981ರ ಹೆದ್ದಾರಿ ಮ್ಯಾಲೆ ಕುಂತಾವ್ರು, 1982ರ ಚಿತ್ರದಾಗ ಮಾತಾಡಿದ ಹೆಣ್ಣಮಕ್ಕಳು, ಅವರೆಲ್ಲಾ ಈಗ ಹಣ್ಣಾದ ಮುದುಕರು. ಭಾಳ ಮಂದಿ ಹೋಗ್ಯಾರ. ಅವರ ಬಾಯಿಂದ ಬರೂ ಮಾತು ಯಾರ ಹತ್ರ ಉಳದೈತಿ? ಪುನೀತರದ ಉಳದದ್ದು ಒಳ್ಳೇದ ಆತು. ನಮ್ಮವ್ವಂದು?

ಅಥಣಿಯವರು: ನಮ್ಮಲ್ಲೂ ಅದ ಕತಿ. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತು ಕರೀತೈತಿ, 2019ರಾಗ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಕು ಜಿಲ್ಲಾ, ಕರ್ನಾಟಕದ ನಾಕು ಜಿಲ್ಲಾ, ಅದರಾಗ ನಮ್ಮ ಬೆಳಗಾವಿ ಒಂದು. ಅಥಣ್ಯಾಗ ಅದನ್ನ ಹೊಲಿಯೂ ಕುಟುಂಬ ತಲಿಮಾರಿನಿಂದ ಅದಾವ. 2025ರಾಗ ಇಟಲಿಯ ಪ್ರಾಡಾ ಕಂಪನಿ ಅಂಥಾದ್ದ ಚಪ್ಪಲಿ ಮಿಲಾನ್‌ದಾಗ ತೋರಿಸಿ ಗದ್ದಲ ಆತು. ದಿನಾ ಟಿ.ವಿ.ಯಾಗ ಚರ್ಚೆ. ತೊಗಲು ಹದಾ ಮಾಡೂದು ಹೆಂಗ, ಹೆಣಿಗಿ ಹಾಕೂ ಹೆಣ್ಣಮಕ್ಕಳ ಕಣ್ಣ ಏನಾಗತಾವ ಅಂತ ಆ ಕುಟುಂಬದಾಗಿನ ಒಬ್ಬಾಕಿ ಅಜ್ಜೀನ ಕುಂಡರ್ಸಿ ಒಂದು ತಾಸು ಮಾತಾಡ್ಸಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ನಿಪ್ಪಾಣಿಯವರು: ರಾಯಬಾಗ ಕಡೆ ಚಿಂಚಲಿ ಮಾಯಕ್ಕನ ಜಾತ್ರಿಗೆ ಗಡಿ ಆಚೆಯಿಂದ ಈಚೆಯಿಂದ ಬಂಡಿ ಕಟ್ಟಿಕೊಂಡು ಬರಾವ್ರು, ಕಬ್ಬಿನ ಗ್ಯಾಂಗಿನಾವ್ರು, ಕೃಷ್ಣಾ ಏರಿದಾಗ ಮನಿ ಬಿಟ್ಟು ಗಂಜಿಕೇಂದ್ರದಾಗ ಕುಂಡರೂ ಯಡೂರು, ಅಂಕಲಿ ಕಡೆ ಮಂದಿ. ಕ್ಯಾಮೆರಾ ಬರತೈತಿ, ನೀರು ತೋರಸ್ತೈತಿ, ಹತ್ತು ಸೆಕೆಂಡ್ ‘ಏನ್ ಅನಸ್ತೈತಿ’ ಅಂತ ಕೇಳಿ ಹೋಗತೈತಿ. ರಮೇಶರ ತಂಡದಾವ್ರು ಒಬ್ಬ ಅತಿಥಿಗೆ ಎಷ್ಟು ಮೊದಲಿಂದ ಊರಾಡತಾರ, ಎಷ್ಟು ಮಂದಿಯನ್ನ ಹುಡುಕಿ ತರ್ತಾರ. ಆ ತಯಾರಿ ಇವರಿಗೆ ಯಾಕ ಬ್ಯಾಡ?

ಅಥಣಿಯವರು: ಅಂದ್ರ ನಿಮಗ ರಮೇಶರ ಮ್ಯಾಲೆ ಸಿಟ್ಟಿಲ್ಲ. ಆ ಕುರ್ಚಿ ಈ ಕಡೆ ಬರ್ಲಿಲ್ಲ ಅಂತ ಸಂಕಟ.

ನಿಪ್ಪಾಣಿಯವರು: ಸಂಕಟಾನ. 2019ರಾಗ ವೀರೇಂದ್ರ ಹೆಗ್ಗಡೆಯವರು ಬಂದ್ರು, ಸುಧಾ ಮೂರ್ತಿ, ನಾರಾಯಣ ಮೂರ್ತಿ ಜೋಡಿಲೆ ಬಂದ್ರು. ಸಿನಿಮಾದಿಂದ ಆಚೆ ಬಾಗಿಲ ತಗದ್ರು ಅಂತ ಸಂತೋಷಪಟ್ಟೆ. ಇನ್ನೊಂದು ಹೆಜ್ಜಿ ಬೇಕಿತ್ತು. ಅದನ್ನ ಬೆಂಗಳೂರಿನ ಸ್ಟುಡಿಯೋ ಇಡೂತನಕ ಕಾಯಾಕ ನಮ್ಮ ಹತ್ರ ಹೊತ್ತಿಲ್ಲ.

ಅಥಣಿಯವರು: ಹಂಗಾರ ನಾವ ಮಾಡೂಣು. ಮೊಬೈಲ್ ಐತಿ. ಚಿಕ್ಕೋಡ್ಯಾಗ ಒಂದು ಶಾಲಿ ಕೋಣಿ ಕೇಳಿದ್ರ ಕೊಡ್ತಾರ.

ನಿಪ್ಪಾಣಿಯವರು: ಕೋಣಿ ಬ್ಯಾಡ. ಅವರ ಮನಿಗೆ ಹೋಗಬೇಕು. ವಖಾರ್ಯಾಗ ದುಡದು, ಮನ್ಯಾಗ ಬೀಡಿ ಕಟ್ಟಿದಾಕಿ ಕುರ್ಚಿ ಮ್ಯಾಲೆ ಕುಂತು ಕಾಲು ಇಳಿಬಿಟ್ಟು ಮಾತಾಡಾಕಿ ಅಲ್ಲ. ನೆಲದ ಮ್ಯಾಲೆ, ಮುಂದ ಬೀಡಿ ಎಲಿ, ಕತ್ತರಿ, ಸೂತಾ ಇರಬೇಕು. ಕೈ ನಡೀತಿದ್ರನ ಮಾತು ಬರ್ತೈತಿ.

ಅಥಣಿಯವರು: ಮೊದಲನೇ ಪ್ರಶ್ನೆ?

ನಿಪ್ಪಾಣಿಯವರು: ಕಷ್ಟ ಹೇಳವಾ ಅಂತ ಕೇಳಬಾರ್ದು. ಕೇಳಿದ್ರ ಅಳ್ತಾಳ, ನಾವು ಅದನ್ನ ಚಿತ್ರಾ ತಗೊಂಡು ಬರ್ತೀವಿ. ಕೂಲಿ ಸಾವಿರ ಬೀಡಿ ಲೆಕ್ಕದಾಗ ಇತ್ತಲ್ಲ, ಸಾವಿರ ಕಟ್ಟೂತನಕ ಎಷ್ಟು ಹೊತ್ತು ಹಿಡೀತಿತ್ತು, ಮಕ್ಕಳನ್ನ ಎಲ್ಲಿ ಮಲಗಿಸ್ತಿದ್ದಿ, ಕೆಟ್ಟಾವು ಅಂತ ಮುಕಾದಮ ಬೀಡಿ ಛಾಟ ತಗದು ಒಗದಾಗ ಅವಗ ಏನ್ ಅಂದಿ ಅಂತ ಕೇಳಬೇಕು. ಏನ್ ಅಂದಿ ಅನ್ನೂದು ಮುಖ್ಯ. ಆಕಿ ಸುಮ್ನ ಇದ್ದಾಕಿ ಅಲ್ಲ, ಸಂಘ ಕಟ್ಟಿದಾಕಿ. ಆ ಮಾತು ಆಕೀ ಬಾಯಾಗ ಈಗೂ ಬಿಸಿ ಐತಿ.

ಅಥಣಿಯವರು: ಮತ್ತ ಬಾಗಿಲದಿಂದ ಯಾರು ಬರ್ಬೇಕು?

ನಿಪ್ಪಾಣಿಯವರು: ಆಕೀ ಜೋಡಿ ವಖಾರ್ಯಾಗ ಇದ್ದ ಗೆಳತಿ. ಹಳೇ ಸಂಘದ ಚೀಟಿ ಬರೀತಿದ್ದಾವ್ರು ಇದ್ರ ಅವರು. ಮಗಳು ಬರ್ಲಿ, ಆದ್ರ ಹೊಗಳಾಕ ಬ್ಯಾಡ, ಅವ್ವಗ ತಾನು ಎಂದೂ ಕೇಳದ ಒಂದು ಪ್ರಶ್ನೆ ಕೇಳಾಕ ಬರ್ಲಿ.

ಅಥಣಿಯವರು: ಕನ್ನಡದಾಗೋ, ಮರಾಠ್ಯಾಗೋ?

ನಿಪ್ಪಾಣಿಯವರು: ಆಕಿ ಯಾವುದರಾಗ ಸುರು ಮಾಡ್ತಾಳ ಅದರಾಗ. ನಡುವ ದಾಟಿದ್ರ ದಾಟ್ಲಿ. ಕನ್ನಡದ ಮಂದಿಗೆ ತಿಳಿಯೂವಂಗ ಕೆಳಗ ಸಾಲು ಬರಿಯೂ ಕೆಲಸ ನಂದು. ನೀವು ಅಥಣಿಗೆ ಹೋಗಿ ಆ ಚಪ್ಪಲಿ ಹೆಣಿಗಿ ಹಾಕ್ತಿದ್ದ ಅಜ್ಜಿ ಯಾವ ಓಣ್ಯಾಗ ಅದಾಳ, ಆಕೀ ಜೋಡಿ ಕುಂತು ದುಡದಾವ್ರು ಯಾರು ಉಳದಾರ ಅಂತ ವಿಚಾರಿಸಿ ಬರ್ರಿ. ಎರಡನೇ ಕಂತು ಆಕೀದು.